ಅಕ್ಕೋರು ಆರಿಸಿದ ಕೋಳಿಗಳು

“ಮಾಸ್ತರ, ಕಂದು ಬಣ್ಣ ನಿಮಗ ಎಷ್ಟು ಥರ ಮಾಡಾಕ ಬರತೈತಿ?”

ಅಕ್ಕೋರು ನನ್ನೊಡನೆ ಆಡಿದ ಮೊದಲ ಮಾತು ಇದು. ನಾನು ಕುಂದಗೋಳದಿಂದ ವರ್ಗವಾಗಿ ದೇವಿಕೊಪ್ಪದ ಹೈಸ್ಕೂಲಿಗೆ ಚಿತ್ರಕಲಾ ಶಿಕ್ಷಕನಾಗಿ ಬಂದು ಇನ್ನೂ ಎರಡು ವಾರ ಆಗಿರಲಿಲ್ಲ. ಬಾಡಿಗೆ ಮನೆಯ ಕಟ್ಟೆಯ ಮೇಲೆ ನಿಂತು ಹಲ್ಲುಜ್ಜುತ್ತಿದ್ದೆ. ಬಾಜು ಮನೆಯಿಂದ ದಪ್ಪ ಕನ್ನಡಕದ ವಯಸ್ಸಾದ ಹೆಂಗಸೊಬ್ಬರು ಬಂದು, ನಮಸ್ಕಾರವಿಲ್ಲ, ಹೆಸರು ಕೇಳಲಿಲ್ಲ, ನೇರ ಹೀಗೆ ಕೇಳಿದರು. ಬಾಯಿ ತುಂಬ ನೊರೆ ಇದ್ದುದರಿಂದ ನಾನು ಐದು ಬೆರಳು ತೋರಿಸಿದೆ.

“ಸಾಲಂಗಿಲ್ಲ. ಒಂಬತ್ತು ಬೇಕು,” ಎಂದು ಹೊರಟೇ ಹೋದರು.

ಅವರು ಅದೇ ಊರಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಒಂದನೆಯ ಇಯತ್ತೆಗೆ ಅಕ್ಷರ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ಊರಿನ ಅಜ್ಜರಿಂದ ಹಿಡಿದು ಎಲ್ಲರಿಗೂ ಅವರು ಅಕ್ಕೋರು. ನಿವೃತ್ತಿಯ ನಂತರ ಜನ ಪುರಾಣ ಕೇಳುತ್ತಾರೆ, ತೀರ್ಥಕ್ಕೆ ಹೋಗುತ್ತಾರೆ. ಅಕ್ಕೋರು ಹಿತ್ತಲಲ್ಲಿ ಮಾರಾನ್ ಎಂಬ ಪರದೇಶದ ಜಾತಿಯ ಕೋಳಿ ಸಾಕಿದ್ದರು. ಕರಿ ಮೈ, ತಾಮ್ರದ ಕುತ್ತಿಗೆ, ಕಾಲಿಗೂ ಸಣ್ಣಗೆ ಪುಕ್ಕ. ಅದರ ವಿಶೇಷವೆಲ್ಲ ತತ್ತಿಯಲ್ಲಿ. ಜವಾರಿ ಕೋಳಿಯ ಹಾಗೆ ಬಿಳಿಯದಲ್ಲ, ಕಂದು ತತ್ತಿ. ಒಳ್ಳೆಯ ತಳಿಯಾದರೆ ಸುಟ್ಟ ಬೆಲ್ಲದ ಬಣ್ಣ.

ಊರವರ ಬಾಯಲ್ಲಿ ಅದು ‘ಮಾರನ ಕೋಳಿ’ ಆಗಿತ್ತು. ಅಕ್ಕೋರ ಮನೆಯವರು ಬೌದ್ಧರು. ನಡುಮನೆಯ ಗೋಡೆಯ ಮೇಲೆ ಬುದ್ಧನ ದೊಡ್ಡ ಚಿತ್ರವಿತ್ತು. “ಬುದ್ಧನ್ನ ಕಾಡಿದ ಮಾರ ಈಗ ನನ್ನ ಹಿತ್ತಲದಾಗ ತತ್ತಿ ಇಡಾಕತ್ತಾನ ನೋಡ್ರಿ,” ಎಂದು ತಾವೇ ನಗುತ್ತಿದ್ದರು.

ಆ ಒಂಬತ್ತು ಬಣ್ಣ ಬೇಕಾದದ್ದು ತತ್ತಿಗೆ ಅಂಕ ಹಾಕಲು. ತೀರ ತಿಳಿ ಬಣ್ಣಕ್ಕೆ ಒಂದು, ಎಲ್ಲಕ್ಕಿಂತ ಕಪ್ಪಿಗೆ ಒಂಬತ್ತು. ನಾಲ್ಕಕ್ಕಿಂತ ಕಡಿಮೆ ಬಂದ ತತ್ತಿ ತಿನ್ನಲಿಕ್ಕೆ ಮಾತ್ರ, ಕಾವಿಗಲ್ಲ. ರಟ್ಟಿನ ಮೇಲೆ ನಾನು ಒಂಬತ್ತು ಪಟ್ಟಿ ಎಳೆದುಕೊಟ್ಟೆ. ಅದಕ್ಕೆ ನಾಲ್ಕು ರವಿವಾರ ಹಿಡಿಯಿತು. ಐದಕ್ಕೂ ಆರಕ್ಕೂ ನಡುವಿನ ವ್ಯತ್ಯಾಸ ಅವರಿಗೆ ಒಪ್ಪಿಗೆಯಾಗಲು ಮೂರು ಸಲ ತಿದ್ದಿದೆ.

ಕೊನೆಗೆ ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. “ಪಟ್ಟಿ ಚಲೋ ಆಗೇತಿ. ಆದ್ರ ನನಗ ಈಗ ಏಳೂ ಎಂಟೂ ಒಂದ ಕಾಣತಾವ. ಕಣ್ಣಾಗ ಪೊರಿ ಬಂದೇತಿ. ಮುಂಜಾನೆ ಹತ್ತ ನಿಮಿಷ ನಿಮ್ಮ ಕಣ್ಣು ನನಗ ಕಡ ಕೊಡ್ತೀರೇನ್ರಿ?”

ಹಾಗೆ ನಾನು ಅವರ ಕಣ್ಣಾದೆ.

ನಮ್ಮದು ತತ್ತಿ ಹೊಸ್ತಿಲು ದಾಟದ ಮನೆತನ. ಆದರೂ ದಿನಾ ಮುಂಜಾನೆ ಶಾಲೆಗೆ ಹೋಗುವ ಮುಂಚೆ ಅಕ್ಕೋರ ಹಿತ್ತಲಲ್ಲಿ ತತ್ತಿಯನ್ನು ಪಟ್ಟಿಯ ಪಕ್ಕಕ್ಕಿಟ್ಟು “ಐದು”, “ಆರು” ಎಂದು ಕೂಗುತ್ತಿದ್ದೆ. ಅವರು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಕೋಳಿಗಳಿಗೆ ಹೆಸರಿರಲಿಲ್ಲ, ಕಾಲಿಗೆ ಬಣ್ಣದ ಉಂಗುರ ಹಾಕಿ ನಂಬರು ಕೊಟ್ಟಿದ್ದರು. “ಹೆಸರ ಇಟ್ಟರ ಆರಸಾಕ ಕೈ ಬರಂಗಿಲ್ರಿ,” ಎನ್ನುತ್ತಿದ್ದರು. ಬಿಸಿಲಿನಲ್ಲಿ ತತ್ತಿ ನೋಡುವಂತಿಲ್ಲ, ನೆರಳಲ್ಲೇ ನೋಡಬೇಕು. ಆಗತಾನೇ ಇಟ್ಟದ್ದನ್ನು ಮುಟ್ಟುವಂತಿಲ್ಲ, ಹಸಿ ಇರುವಾಗ ಬಣ್ಣ ಕೈಗೆ ಹತ್ತುತ್ತದೆ. ಇದು ಗೊತ್ತಿಲ್ಲದೆ ಒಂದು ದಿನ ಏಳರ ಬಣ್ಣದ ತತ್ತಿಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಮೂಡಿಸಿಬಿಟ್ಟೆ. ಅಕ್ಕೋರು ಸೀಮೆಸುಣ್ಣ ಹಿಡಿದ ಹಾಗೆ ಮೂರೇ ಬೆರಳಲ್ಲಿ ಅದನ್ನೆತ್ತಿ ನೋಡಿ, “ಇದು ಕೋಳಿ ತಪ್ಪಲ್ಲ, ಮಾಸ್ತರ ತಪ್ಪು,” ಎಂದು ಪುಸ್ತಕದಲ್ಲಿ ಹಾಗೆಯೇ ಬರೆದರು.

ಕೋಳಿಯನ್ನು ಅವರು ಕಂಕುಳಲ್ಲಿ ಅವುಚಿ ಹಿಡಿದು ಪರೀಕ್ಷೆ ಮಾಡುವುದನ್ನು ನೋಡಬೇಕಿತ್ತು. ಹಿಂಬದಿಯ ಎರಡು ಎಲುಬಿನ ನಡುವೆ ಬೆರಳಿಟ್ಟು ಅದು ತತ್ತಿ ಇಡುತ್ತಿದೆಯೋ ಇಲ್ಲವೋ ಹೇಳುತ್ತಿದ್ದರು. ಕಣ್ಣು ಕಿತ್ತಳೆ ಬಣ್ಣಕ್ಕಿರಬೇಕು, ಪುಕ್ಕದಲ್ಲಿ ಬಿಳಿ ಮಚ್ಚೆ ಇರಬಾರದು. ಆದರೆ ಇವೆಲ್ಲ ಪಾಸಾದ ಮೇಲೂ ತತ್ತಿ ಫೇಲಾದರೆ ಮುಗಿಯಿತು. ಹನ್ನೊಂದನೆಯ ನಂಬರಿನ ಹೇಂಟೆಯನ್ನು ನೋಡಿದವರೆಲ್ಲ ಹೊಗಳುತ್ತಿದ್ದರು. ಅಷ್ಟು ಚೆಂದ. ಅದರ ತತ್ತಿ ಮೂರನ್ನು ದಾಟಲಿಲ್ಲ. ಅಕ್ಕೋರು ಪೂರ್ತಿ ಒಂದು ವರ್ಷ ಕಾದರು. ವರ್ಷ ಸರಿದಂತೆ ಬಣ್ಣ ತಿಳಿಯಾಗುವುದು ಸಹಜ, ಒಂದೇ ಪರೀಕ್ಷೆ ನೋಡಿ ಫೇಲು ಮಾಡಬಾರದು ಎಂಬುದು ಅವರ ನಿಯಮ. ವರ್ಷದ ಮೇಲೆ ಒಂದು ರವಿವಾರ, “ಬಾಳ ಚಂದ ಐತಿ. ಸಾರಿಗೂ ಚಂದ ಆಕ್ಕೈತಿ,” ಎಂದರು. ಸಂಜೆಗೆ ಹನ್ನೊಂದನೆಯ ನಂಬರು ಇರಲಿಲ್ಲ.

“ಶಾಲ್ಯಾಗೂ ಹಿಂಗ ಆರಸತಿದ್ರೇನ್ರಿ ಅಕ್ಕೋರ?” ಎಂದು ನಾನು ತಮಾಷೆಗೆ ಕೇಳಿದೆ.

ಅವರ ಮುಖ ಬಿಗಿಯಾಯಿತು. “ಶಾಲಿ ಬ್ಯಾರೆ. ಶಾಲ್ಯಾಗ ನಾ ಯಾರನ್ನೂ ಆರಿಸಿ ತಗದಿಲ್ಲ. ಸಣ್ಣಾಕಿ ಇದ್ದಾಗ ನನ್ನ ಆರಿಸಿ ಬಾಗಲ ಹೊರಗ ಕೂಡಿಸಿದ್ರು. ಅಲ್ಲೇ ಕೂತು ಕಲತೇನಿ ನಾನು.” ಹಾಜರಿ ಪುಸ್ತಕ ಮುಚ್ಚಿದರು. “ಕೋಳೀನ ಆರಸಬೇಕು. ಮಂದೀನ ಆರಸಬಾರದು.”

ಇನ್ನೊಂದು ಮಾತು ಅವರು ಎಷ್ಟು ಸಲ ಹೇಳಿದ್ದರೋ. “ಹುಂಜದ ತತ್ತಿ ಯಾರೂ ನೋಡಿಲ್ರಿ. ಅದಕ್ಕ ಹುಂಜ ಆರಸೂಮುಂದ ಅದರ ಮಾರಿ ನೋಡಬಾರದು, ಅದರ ಅವ್ವನ ತತ್ತಿ ನೋಡಬೇಕು.” ಕೇಳಿ ತಲೆಯಾಡಿಸುತ್ತಿದ್ದೆ. ತಲೆಯಾಡಿಸುವುದು ಸುಲಭ.

ನೀಲವ್ವನ ವಿಷಯ ಹೇಳದಿದ್ದರೆ ಅಕ್ಕೋರ ಚಿತ್ರ ಅರ್ಧವಾಗುತ್ತದೆ. ಅಕ್ಕೋರ ಹಿತ್ತಲಿಗೂ ನೀಲವ್ವನ ಹಿತ್ತಲಿಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಬ್ಬರು ನುಸುಳುವಷ್ಟು ಒಂದು ಕಂಡಿ. ಗಂಡ ಸತ್ತ ಮೇಲೆ ನೀಲವ್ವ ಕೂಲಿಗೆ ಹೋಗುತ್ತ, ಹತ್ತು ಹನ್ನೆರಡು ಜವಾರಿ ಕೋಳಿ ಸಾಕುತ್ತ, ಸೊಸೆ ಮೊಮ್ಮಕ್ಕಳ ಮನೆ ನಡೆಸಿದವಳು. ಊರಿಗೆಲ್ಲ ಅಕ್ಕೋರಾದವರು ನೀಲವ್ವನಿಗೆ ಮಾತ್ರ ‘ಅಕ್ಕಾ’. ಮೂವತ್ತು ವರ್ಷದ ಗೆಳೆತನ. ಅಕ್ಕೋರ ಸಂಬಂಧಿಕರೊಬ್ಬರು ಗೋವೆಯ ಕಡೆಯಿಂದ ಮೊದಲ ಹನ್ನೆರಡು ಮಾರಾನ್ ತತ್ತಿಯನ್ನು ಅರಳೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ತಂದುಕೊಟ್ಟಾಗ, ಅವುಗಳಿಗೆ ಕಾವು ಕೊಟ್ಟು ಏಳು ಮರಿ ಮಾಡಿದ್ದು ನೀಲವ್ವನ ಜವಾರಿ ಕೋಳಿ. “ನಿನ್ನ ಪರದೇಶದ ಕೋಳಿಗೆ ಹಾಲಿಲ್ಲದ ಅವ್ವ ನಮ್ಮ ಕೋಳಿನ,” ಎಂದು ನೀಲವ್ವ ಹಂಗಿಸುತ್ತಿದ್ದಳು. ಸಂಜೆ ಆ ಕಂಡಿಯ ಈಚೆ ಅಕ್ಕೋರು, ಆಚೆ ನೀಲವ್ವ ಕೂತು ಗೋವಿನಜೋಳದ ನುಚ್ಚು ಆರಿಸುತ್ತ ಮಾತಾಡುತ್ತಿದ್ದುದು ನನ್ನ ಕಿಟಕಿಯಿಂದ ದಿನಾ ಕಾಣುತ್ತಿತ್ತು.

ಆ ಮೊದಲ ಮರಿಗಳಾದ ಐದನೆಯ ವರ್ಷಕ್ಕೆ ಅಕ್ಕೋರ ಹಿತ್ತಲಲ್ಲಿ ಹದಿನಾಲ್ಕು ಕೋಳಿ ಇದ್ದವು. ನಾನು ಬಂದ ಹೊಸದರಲ್ಲಿ ನಾಲ್ಕಕ್ಕೆ ಏದುಸಿರು ಬಿಡುತ್ತಿದ್ದ ತತ್ತಿ, ಆ ವರ್ಷ ಏಳನ್ನು ಮುಟ್ಟಿತ್ತು. ಹುಂಜಕ್ಕೆ ಮಾತ್ರ ವಯಸ್ಸಾಗಿತ್ತು. ಎಲ್ಲ ಒಂದೇ ರಕ್ತವಾಯಿತು, ಹೊರಗಿನ ಒಳ್ಳೆಯ ಹುಂಜ ಸಿಕ್ಕದಿದ್ದರೆ ತಳಿ ಸೊರಗುತ್ತದೆ ಎಂಬ ಚಿಂತೆ ಅವರಿಗೆ ಹತ್ತಿತ್ತು.

ಆಗಲೇ ಹುಬ್ಬಳ್ಳಿಯಲ್ಲಿ ಕಣ್ಣಿನ ಆಪರೇಶನ್ ಆಗುವುದು ನಿಶ್ಚಯವಾಯಿತು. ಅಲ್ಲಿ ತಂಗಿಯ ಮಗಳ ಮನೆಯಲ್ಲಿ ಹತ್ತು ದಿನ ಇರಬೇಕು. ಕೋಳಿಗಳಿಗೆ ವರ್ಷಕ್ಕೊಮ್ಮೆ ಹಾಕಿಸುವ ಚುಚ್ಚುಮದ್ದಿನ ಸರದಿ ಅದೇ ತಿಂಗಳು. ಬಂದ ಮೇಲೆ ಹಾಕಿಸಿದರಾಯಿತು ಎಂದರು. ನೀಲವ್ವ ಆ ವಾರ ತಂಬೂರ ಎಂಬ ಊರಿನಲ್ಲಿದ್ದ ಮಗಳ ಬಾಣಂತನಕ್ಕೆ ಹೋಗಿದ್ದಳು, ಅವಳ ಕೋಳಿಗಳನ್ನು ಸೊಸೆ ನೋಡುತ್ತಿದ್ದಳು. ಗೂಡಿನ ಕೀಲಿ ನನ್ನ ಕೈಗೆ ಬಂತು.

“ಎರಡ ಮಾತು, ಮಾಸ್ತರ. ಒಳಗ ಹೋಗೂಮುಂದ ಇಲ್ಲಿರೋ ಚಪ್ಪಲಿನ ಹಾಕ್ಕೋರಿ, ಹೊರಗಿಂದು ಬ್ಯಾಡ. ಇನ್ನೊಂದು, ಹೊರಗಿನ ಕೋಳಿ ಗೇಟ ದಾಟಬಾರದು. ಯಾರ ಕೊಟ್ರೂ, ಎಷ್ಟ ಚಂದ ಇದ್ರೂ.”

“ಹೌದ್ರಿ,” ಎಂದೆ.

ನಾಲ್ಕನೆಯ ದಿನ ಕಲಘಟಗಿಯ ಸಂತೆಗೆ ಹೋಗಿದ್ದೆ. ಕೋಳಿ ಮಾರುವವರ ಸಾಲಿನಲ್ಲಿ ಒಂದು ಹುಂಜ ಕಂಡಿತು. ತಾಮ್ರವನ್ನು ಹುಣಸೆಹಣ್ಣಿನಿಂದ ತಿಕ್ಕಿದ ಹಾಗೆ ಹೊಳೆಯುವ ಕುತ್ತಿಗೆ, ಕಪ್ಪು ಎದೆ, ಕಾಲಿಗೆ ಪುಕ್ಕ, ಕಿತ್ತಳೆ ಕಣ್ಣು. ಮಾರುವವನು “ಅಗದಿ ಜಾತಿ ಹುಂಜ ಐತ್ರಿ ಸರ,” ಎಂದ. ಅದರ ತಾಯಿಯ ತತ್ತಿಯ ಬಣ್ಣ ನಾನು ಕೇಳಲಿಲ್ಲ. ಎರಡು ವರ್ಷ ಅಕ್ಕೋರ ಕಣ್ಣಾಗಿದ್ದೆನಲ್ಲ, ನನಗೂ ಆರಿಸಲು ಬರುತ್ತದೆ ಎಂಬ ಗರ್ವ. ಕಣ್ಣು ತೆರೆದು ಬಂದಾಗ ಅಕ್ಕೋರು ಮೊದಲು ನೋಡುವುದು ನಾನು ತಂದ ಹುಂಜವನ್ನು ಎಂಬ ಆಸೆ. ಕಾಲು ಕಟ್ಟಿ ಚೀಲದಲ್ಲಿಟ್ಟುಕೊಂಡು ಬಂದೆ.

ಗೂಡಿನೊಳಗೆ ಬಿಡಲಿಲ್ಲ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಗೂಡಿನ ಬಾಜುವೇ ಬುಟ್ಟಿ ಬೋರಲು ಹಾಕಿ ಅದರ ಕೆಳಗೆ ಇಟ್ಟಿದ್ದೆ. ಅದೇ ನೀರಿನ ತಂಬಿಗೆ, ಅದೇ ಕೈ. ಮೂರನೆಯ ದಿನ ಹುಂಜ ಕಾಳು ಮುಟ್ಟಲಿಲ್ಲ. ಹಸಿರು ಹೇಲು, ಕುತ್ತಿಗೆ ತಿರುಚುತ್ತಿತ್ತು. ನಾಲ್ಕನೆಯ ದಿನ ಮುಂಜಾನೆ ಬುಟ್ಟಿ ಎತ್ತಿದಾಗ ಸತ್ತುಬಿದ್ದಿತ್ತು. ಹಿತ್ತಲ ಮೂಲೆಯ ಹುಣಸೆ ಮರದ ಬುಡದಲ್ಲಿ, ನೀಲವ್ವನ ಬೇಲಿಗೆ ಹತ್ತಿರ, ಗುಂಡಿ ತೋಡಿ ಹುಗಿದೆ. ಬುಟ್ಟಿ ತೊಳೆದಿಟ್ಟೆ. ಯಾರಿಗೂ ಹೇಳಲಿಲ್ಲ.

ಅಕ್ಕೋರು ಕರಿ ಕನ್ನಡಕ ಹಾಕಿಕೊಂಡು ಬಂದರು. ಗೂಡಿನ ಮುಂದೆ ನಿಂತು, ಕನ್ನಡಕ ಒಂದು ಕ್ಷಣ ಎತ್ತಿ, “ಅಯ್ಯ, ಇವು ಇಷ್ಟ ಕೆಂಪ ಅದಾವೇನ್ರಿ!” ಎಂದು ಮಕ್ಕಳಂತೆ ಕೂಗಿದರು. ಕೋಳಿಗಳ ಕುತ್ತಿಗೆಯ ತಾಮ್ರವನ್ನು ಅವರು ಸರಿಯಾಗಿ ನೋಡಿದ್ದು ಆ ದಿನವೇ.

ಎರಡು ದಿನಕ್ಕೆ ಮೊದಲ ಹೇಂಟೆ ಮೂಲೆ ಹಿಡಿಯಿತು. ಮರುದಿನ ಮೂರು. ಪಶು ಆಸ್ಪತ್ರೆಯ ಡಾಕ್ಟರು ಬಂದು ನೋಡಿ, “ಕೊಕ್ಕರೆ ರೋಗ ರಿ. ಸೂಜಿ ತಡ ಆಗೇತಿ. ಹೊರಗಿನ ಕೋಳಿ ಏನರ ಒಳಗ ಬಂದಿತ್ತೇನ್ರಿ?” ಎಂದು ಕೇಳಿದರು.

ಅಕ್ಕೋರು ನನ್ನತ್ತ ತಿರುಗಿದರು. ಕರಿ ಕನ್ನಡಕದ ಹಿಂದೆ ಅವರ ಕಣ್ಣು ಕಾಣಲಿಲ್ಲ.

“ಇಲ್ಲ,” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಬೇಲಿ ಕಂಡ್ಯಾಗ ನೀಲವ್ವನ ಕೋಳಿ ಅಡ್ಡಾಡತಿದ್ದುವು, ಅಷ್ಟ.”

ಅದು ಸುಳ್ಳಾಗಿರಲಿಲ್ಲ. ನೀಲವ್ವನ ಕೋಳಿ ಮೂವತ್ತು ವರ್ಷದಿಂದ ಅಲ್ಲಿ ಅಡ್ಡಾಡುತ್ತಿದ್ದವು. ಅದಕ್ಕಿಂತ ಕೆಟ್ಟ ಮಾತನ್ನು ನಾನು ಬದುಕಿನಲ್ಲಿ ಆಡಿಲ್ಲ.

ವಾರದಲ್ಲಿ ಹನ್ನೆರಡು ಕೋಳಿ ಸತ್ತವು. ಉಳಿದ ಎರಡರ ಕುತ್ತಿಗೆ ಸೊಟ್ಟಗಾಗಿ, ಕಾಳಿಗೆ ಕುಕ್ಕಿದರೆ ಕೊಕ್ಕು ಬೇರೆ ಕಡೆ ಬೀಳುತ್ತಿತ್ತು. ಅಕ್ಕೋರು ಅವನ್ನು ತಾವೇ ಮುಗಿಸಿದರು. ಅಷ್ಟರಲ್ಲಿ ನೀಲವ್ವ ತಂಬೂರದಿಂದ ಬಂದಳು. ಅವಳ ಕೋಳಿಗಳೂ ಒಂದೊಂದಾಗಿ ಬೀಳತೊಡಗಿದ್ದವು. ಬೇಲಿಯ ಎರಡೂ ಕಡೆ ಇಬ್ಬರೂ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದೆ.

“ನಿನ್ನ ಕೋಳಿಗೆ ಸೂಜಿ ಹಾಕಸು ಅಂತ ಎಷ್ಟ ಸಲ ಬಡಕೊಂಡೆ ನಾನು? ಕೇಳಿದೇನ?”

“ಹಂಗಾರ ಜಡ್ಡ ನನ್ನ ಕೋಳಿ ತಂದುವೇನ ಅಕ್ಕಾ? ನಿನ್ನ ಕೋಳಿಗೆ ಕಾವು ಕೊಟ್ಟುವಲ್ಲ, ಅವ ತಂದುವೇನ?”

“ಮತ್ತ ಇನ್ನೆಲ್ಲಿಂದ ಬಂತು?”

ನೀಲವ್ವ ಒಳಗೆ ಹೋದಳು. ಮಧ್ಯಾಹ್ನ ಜಾಲಿಮುಳ್ಳು ಎಳೆದು ತಂದು ಕಂಡಿಗೆ ತುಂಬಿದಳು. ಕೈಗೆ ಮುಳ್ಳು ಚುಚ್ಚಿ ರಕ್ತ ಬಂದರೂ ಬಿಡಲಿಲ್ಲ.

ಹದಿನಾಲ್ಕು ತಿಂಗಳು ಅವರು ಮಾತಾಡಲಿಲ್ಲ.

ನಾನು ಹೇಳಬೇಕೆಂದು ಹೋದದ್ದುಂಟು. ಒಮ್ಮೆ ಹೋದಾಗ ಅಕ್ಕೋರು ಖಾಲಿ ಗೂಡಿಗೆ ಸುಣ್ಣ ಬಳಿಯುತ್ತಿದ್ದರು, ಕುಂಚ ತೆಗೆದುಕೊಂಡು ನಾನೂ ಬಳಿದು ಬಂದೆ. ಇನ್ನೊಮ್ಮೆ ಬುದ್ಧ ಪೂರ್ಣಿಮೆಯ ದಿನ. ಬಟ್ಟಲಲ್ಲಿ ಪಾಯಸ ಕೊಟ್ಟು, “ಹತ್ತ ದಿನ ನನ್ನ ಕೋಳಿ ನೋಡಿದ್ರಿ. ಅವುಕ್ಕ ಆಯುಷ್ಯ ಇರಲಿಲ್ಲ, ನೀವೇನ ಮಾಡ್ತೀರಿ,” ಎಂದರು. ಆ ಪಾಯಸವನ್ನು ತಿಂದೆ. ಬಟ್ಟಲು ತೊಳೆದು ಕೊಟ್ಟೆ. ಹೇಳಲಿಲ್ಲ. ಹೊಸ ತತ್ತಿ ತರಿಸೋಣ ಎಂದರೆ, ಗೋವೆಯ ಕಡೆ ಆ ಕೋಳಿ ಸಾಕುತ್ತಿದ್ದವರು ಬಿಟ್ಟಿದ್ದರಂತೆ. “ಸಿಕ್ಕರೂ ಇನ್ನ ಐದ ವರ್ಷ ಆರಸೋವಷ್ಟು ಆಯುಷ್ಯ ನನ್ನ ಹಂತ್ಯಾಕ ಇಲ್ಲ ಬಿಡ್ರಿ,” ಎಂದರು.

ನೀಲವ್ವನ ಮೊಮ್ಮಗಳ ಮದುವೆ ಬಂತು. ಅಕ್ಕೋರ ಕೈಯಲ್ಲಿ ಅಕ್ಷರ ಕಲಿತ ಹುಡುಗಿ. ಊರಿಗೆಲ್ಲ ಕರೆ ಬಂತು, ನನಗೂ ಬಂತು. ಅಕ್ಕೋರಿಗೆ ಬರಲಿಲ್ಲ. ಮದುವೆಯ ದಿನ ಹೊಸ ಅಂಗಿ ಹಾಕಿಕೊಂಡು ಹೊರಟವನು ಅವರ ಬಾಗಿಲು ತೆರೆದಿದ್ದುದು ಕಂಡು ನಿಂತೆ. ಒಳಗೆ ಅಕ್ಕೋರು ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹಿಂದೆ ನೀಲವ್ವನ ಹಿತ್ತಲಿನಿಂದ ಬ್ಯಾಂಡಿನ ಸದ್ದು ಬರುತ್ತಿತ್ತು.

“ಎಲ್ಲಿಗ್ರಿ ಅಕ್ಕೋರ?”

“ಎಲ್ಲಿಗೂ ಇಲ್ಲ. ಕಡೀ ಗಳಿಗ್ಯಾಗರ ಯಾರನ್ನರ ಕಳಸತಾಳೇನೋ ಅಂತ... ಸುಮ್ನ ಉಟಕೊಂಡ ಕುಂತೇನಿ.”

ಹೊಸ್ತಿಲ ಮೇಲೆಯೇ ಕೂತು ಎಲ್ಲವನ್ನೂ ಹೇಳಿದೆ. ಸಂತೆ, ಹುಂಜ, ಬುಟ್ಟಿ, ಗುಂಡಿ. ಡಾಕ್ಟರ ಮುಂದೆ ಆಡಿದ ಮಾತಿನವರೆಗೆ.

ಮುಗಿದ ಮೇಲೆ ಅಕ್ಕೋರು ಕೇಳಿದರು, “ಎಷ್ಟ ದಿನ ಬದುಕಿತ್ತು?”

“ನಾಕ ದಿನ.”

“ಎಲ್ಲಿ ಹುಗದ್ರಿ?”

“ಹುಣಸಿ ಗಿಡದ ಬುಡಕ್ಕ.”

ಬೆರಳು ಮಡಿಸಿ ಏನೋ ಎಣಿಸಿದರು. ಸಂತೆಯ ದಿನದಿಂದ ಮೊದಲ ಕೋಳಿ ಬಿದ್ದ ದಿನದವರೆಗೆ ಇರಬೇಕು. ಎದ್ದರು. ಚಪ್ಪಲಿ ಮೆಟ್ಟಿದರು. ನನ್ನನ್ನು ದಾಟಿಕೊಂಡು ರಸ್ತೆಗಿಳಿದರು. ಮುಳ್ಳು ತುಂಬಿದ ಬೇಲಿಯಿಂದಾಗಿ ಓಣಿ ಸುತ್ತಿಯೇ ಹೋಗಬೇಕಿತ್ತು. ಅವರ ಹಿಂದೆ ನಾನು ಹೋದೆ.

ಹಂದರದಲ್ಲಿ ನೀಲವ್ವ ಬುಂದೆಯ ಬುಟ್ಟಿ ಹಿಡಿದು ಪಂಕ್ತಿಯ ನಡುವೆ ನಿಂತಿದ್ದಳು. ಅಕ್ಕೋರು ಅವಳ ಎದುರು ಹೋಗಿ ನಿಂತರು. ಉಣ್ಣುತ್ತಿದ್ದವರು ತಲೆ ಎತ್ತಿದರು.

“ನೀಲವ್ವ, ಜಡ್ಡ ನಿನ್ನ ಕೋಳಿ ತಂದಿರಲಿಲ್ಲ. ನಾ ನಿನಗ ತಪ್ಪ ಅಂದೆ.”

ನೀಲವ್ವ ಬುಟ್ಟಿ ಕೆಳಗಿಡಲಿಲ್ಲ. “ಇವತ್ತ್ಯಾಕ ಹೇಳಾಕ ಬಂದಿ?”

“ಇವತ್ತ ಗೊತ್ತಾತು.”

“ಯಾರ ಹೇಳಿದ್ರು?”

ಅಕ್ಕೋರು ನನ್ನ ಕಡೆ ತಿರುಗಿದರು. “ಉಳದದ್ದ ನೀವು ಹೇಳ್ರಿ, ಮಾಸ್ತರ.”

ಮೂವತ್ತು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ ಪಾಠ ಒಪ್ಪಿಸಿಕೊಂಡವರ ದನಿ. ಊಟದ ಎಲೆಗಳ ನಡುವೆ ನಿಂತು ಎರಡನೆಯ ಸಲ ಎಲ್ಲವನ್ನೂ ಹೇಳಿದೆ. ಈ ಸಲ ಹೇಳುವಾಗ ತಿಳಿಯಿತು: ಅಕ್ಕೋರದು ಐದು ವರ್ಷದ ಆಸೆ ಹೋಗಿತ್ತು, ನೀಲವ್ವನದು ಮನೆ ನಡೆಸುವ ದಾರಿಯೇ ಹೋಗಿತ್ತು. ಇಷ್ಟು ದಿನ ನೀಲವ್ವನ ಕೋಳಿಗಳನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನೀಲವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಹಗುರಾಗಬಹುದು ಎಂದೂ ಅನಿಸಿತು. ಅವಳು ಬುಟ್ಟಿಯನ್ನು ಸೊಸೆಯ ಕೈಗೆ ಕೊಟ್ಟು, ಅಕ್ಕೋರ ರಟ್ಟೆ ಹಿಡಿದು, “ಬಾ ಅಕ್ಕಾ, ಹುಡುಗಿ ಮ್ಯಾಲ ಅಕ್ಕಿಕಾಳ ಹಾಕು,” ಎಂದಳು. ಎರಡು ಹೆಜ್ಜೆ ಹೋಗಿ ನಿಂತು, ತಿರುಗದೆ, “ನೀವೂ ಉಂಡ ಹೋಗ್ರಿ. ಮದವಿ ಮನಿ ಇದು, ಯಾರನ್ನೂ ಹಸದ ಕಳಸಂಗಿಲ್ಲ,” ಎಂದಳು.

ಉಂಡೆ. ಒಂದು ಬುಂದೆಯನ್ನೂ ಎಲೆಯಲ್ಲಿ ಬಿಡಲು ಧೈರ್ಯವಾಗಲಿಲ್ಲ.

ಮರುದಿನ ಬೇಲಿಯ ಮುಳ್ಳು ಕಿತ್ತರು. ಸಂಜೆ ಮತ್ತೆ ಈಚೆ ಒಬ್ಬರು, ಆಚೆ ಒಬ್ಬರು. ಅಕ್ಕೋರು ನನ್ನೊಡನೆ ಮಾತು ಬಿಡಲಿಲ್ಲ. ಚಹಾ ಕೊಡುತ್ತಿದ್ದರು, ನನ್ನ ಶಾಲೆಯ ಮಕ್ಕಳ ಓದು ಕೇಳುತ್ತಿದ್ದರು. ಕೋಳಿಯ ಮಾತು ಮಾತ್ರ ತೆಗೆಯುತ್ತಿರಲಿಲ್ಲ. ಒಮ್ಮೆ ನಾನೇ ಕ್ಷಮೆ ಕೇಳಿದಾಗ ಹೇಳಿದರು:

“ಹುಂಜ ತಂದ್ರಿ ಅಂತ ನನಗ ಸಿಟ್ಟಿಲ್ಲ. ಚಂದ ಇದ್ದಿರಬೇಕು, ಮನಸ್ಸಾತು, ತಂದ್ರಿ. ಡಾಕ್ಟ್ರ ಕೇಳಿದಾಗ ಆ ಬಡವಿ ಕಡೆ ಬೆರಳ ಮಾಡಿದ್ರಲ್ಲ, ಅದನ್ನ ನಾ ಏನ ಮಾಡ್ಲಿ? ಅದಕ್ಕ ಕ್ಷಮಾ ಕೊಡಾಕ ನಾ ಯಾರು?”

ಮದುವೆಯಾದ ಏಳನೆಯ ತಿಂಗಳು ಒಂದು ಮುಂಜಾನೆ ಅಕ್ಕೋರು ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಮೊದಲು ನೋಡಿದವಳು ನೀಲವ್ವ. ಮಣ್ಣಿಗೆ ಊರೆಲ್ಲ ಬಂದಿತ್ತು. ಒಬ್ಬೊಬ್ಬರು ಒಂದೊಂದು ಹೇಳಿಕೊಂಡು ಅತ್ತರು. ನೀಲವ್ವ ಎದೆ ಬಡಿದುಕೊಂಡು ಅತ್ತದ್ದು ಒಂದೇ ಮಾತನ್ನು: “ಹದಿನಾಕ ತಿಂಗಳ ಸುಮ್ನ ಹೋದುವಲ್ಲ ಅಕ್ಕಾ, ಹದಿನಾಕ ತಿಂಗಳ...” ಅಷ್ಟು ಜನರಲ್ಲಿ ಅವಳು ನನ್ನತ್ತ ಒಮ್ಮೆಯೂ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ನೀಲವ್ವ ಈಗ ಮತ್ತೆ ಜವಾರಿ ಕೋಳಿ ಸಾಕಿದ್ದಾಳೆ. ಆಗಾಗ ಅವಳ ಮನೆಗೆ ಹೋಗುತ್ತೇನೆ, ಅರ್ಜಿ ಬರೆದುಕೊಡುವುದೋ ಔಷಧಿ ತಂದುಕೊಡುವುದೋ ಏನಾದರೂ ಕೆಲಸ ಇದ್ದೇ ಇರುತ್ತದೆ. ಗೇಟಿನ ಸದ್ದಾದರೆ ಹೊರಗೆ ಬರುತ್ತಾಳೆ. ನಾನೆಂದು ಗುರುತಿಸುತ್ತಾಳೆ. ಮೊದಲು ಹೋಗಿ ಕೋಳಿಗಳನ್ನೆಲ್ಲ ಒಳಗೆ ಅಟ್ಟಿ ಗೂಡಿನ ಬಾಗಿಲು ಹಾಕಿ ಚಿಲಕ ಸಿಕ್ಕಿಸುತ್ತಾಳೆ. ಆಮೇಲೆ, “ಬರ್ರಿ ಮಾಸ್ತರ,” ಎನ್ನುತ್ತಾಳೆ.